ಗುಡ್ಡಕ್ಕೆ ಅಳತೆ ತಗೊಂಡ ಮಾಸ್ತರು

ದರ್ಜಿ ಮಾಸ್ತರು ಗುಡ್ಡ ಕೊಂಡಿದ್ದಕ್ಕೆ ಕಾರಣ ಗುಡ್ಡವಲ್ಲ, ಭಾಮೈದ.

ಈ ಭಾಮೈದ, ಅಂದರೆ ಮಾಸ್ತರ ಹೆಂಡತಿಯ ಒಬ್ಬನೇ ತಮ್ಮ, ಊರಾಚೆ ಒಂದು ಸೈಟು ಕೊಂಡಿದ್ದ. ಎಷ್ಟು ದೊಡ್ಡ ಸೈಟು ಅಂತೀರಿ? ನಾಲ್ಕು ಮಂಚ ಹಾಕಿದರೆ ಐದನೆಯ ಮಂಚದ ಕಾಲನ್ನು ಪಕ್ಕದವರ ಜಾಗದಲ್ಲಿ ಊರಬೇಕು, ಅಷ್ಟು. ಆದರೆ ಅವನು ಆ ಸೈಟನ್ನು ಜೇಬಿನಲ್ಲಿಟ್ಟುಕೊಂಡವನಂತೆ ಓಡಾಡುತ್ತಿದ್ದ. ಅಕ್ಕನ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಶುರು. "ಮನುಷ್ಯ ಅಂದ್ಮೇಲೆ ಕಾಲ ಕೆಳಗೆ ಸ್ವಂತದ್ದು ಅಂತ ನಾಲ್ಕಡಿ ನೆಲ ಇರ್ಬೇಕು ಭಾವ. ನನ್ನ ಮಾತು ಕೇಳಿ ಭಾವ." ಮಾಸ್ತರಿಗೆ ಭಾವ ಅನ್ನಿಸಿಕೊಳ್ಳುವುದರಲ್ಲಿ ಬೇಸರವಿರಲಿಲ್ಲ. ಹಾಗನ್ನುವಾಗ ಅವನ ಮುಖದಲ್ಲಿ ಕಾಣುವ ಭಾವ ಮಾತ್ರ ಸಹಿಸಲಾಗುತ್ತಿರಲಿಲ್ಲ.

ಸಹಿಸದೆ ಮಾಡುವುದೇನು? ಮಾಸ್ತರ ಮನೆ ಬಾಡಿಗೆಯದು, ಅಂಗಡಿ ಬಾಡಿಗೆಯದು, ಹೊಲಿಗೆ ಮಷೀನು ಕಾಲಲ್ಲಿ ತುಳಿಯುವ ಕಾಲದ್ದು. ಸ್ವಂತದ್ದೆಂದರೆ ಒಂದು ಕತ್ತರಿ, ಒಂದು ಟೇಪು, ಮತ್ತು ಮೂವತ್ತು ವರ್ಷ ಬೆವರು ಸುರಿಸಿ ಗಳಿಸಿದ ಒಂದು ಖ್ಯಾತಿ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಅಪವಾದ ಅವರ ಮೇಲೆ ಇವತ್ತಿನವರೆಗೆ ಬಂದಿಲ್ಲ. ಯಾರು ಯಾವಾಗ ಕೇಳಿದರೂ ಒಂದೇ ಉತ್ತರ: "ಎಲ್ಲಾ ಮುಗಿದಿದೆ, ಕಾಜ ಒಂದು ಬಾಕಿ. ನಾಳೆ ಬನ್ನಿ." ಮದುವೆಗೆಂದು ಹೊಲಿಯಲು ಕೊಟ್ಟ ಕೋಟನ್ನು ಮೊದಲ ಮಗು ಶಾಲೆಗೆ ಸೇರುವ ದಿನ ಹಾಕಿಕೊಂಡವರಿದ್ದಾರೆ. ಬೀದಿಯವರು ಅವರನ್ನು ಕಾಜಬಾಕಿ ಮಾಸ್ತರು ಎಂದೇ ಕರೆಯುತ್ತಿದ್ದರು. ಮಾಸ್ತರು ಅದನ್ನು ಬಿರುದೆಂದು ತಿಳಿದಿದ್ದರು.

ಒಂದು ಬೆಳಗ್ಗೆ ಅವರು ಅರಣ್ಯ ಕಚೇರಿಯ ಸಾಹೇಬರ ಕೋಟಿಗೆ ಹಳೇ ಪತ್ರಿಕೆಯಲ್ಲಿ ನಮೂನೆ ಕತ್ತರಿಸುತ್ತಿದ್ದರು. ಕಂಕುಳ ಕೆಳಗಿನ ತಿರುವು ಕತ್ತರಿಸಿ ತೆಗೆದ ಮೇಲೆ ಉಳಿದ ಕಾಗದ ನೆಲಕ್ಕೆ ಬಿತ್ತು. ಬಾಚಲು ಬಗ್ಗಿದವರು ಬಗ್ಗಿದಂತೆಯೇ ನಿಂತರು. ‘ಅರಣ್ಯ ಕಚೇರಿಯ ಪ್ರಕಟಣೆ. ಊರ ಹಿಂದಿನ ಗುಡ್ಡ, ನಲವತ್ತು ಎಕರೆ’ ಎಂದಿತ್ತು ಮೇಲೆ. ‘ಹಕ್ಕನ್ನು ಮಾರಲಾಗುವುದು. ಮೊಹರು ಮಾಡಿದ ಲಕೋಟೆಯಲ್ಲಿ ಬೆಲೆ ಬರೆದು ಕಳಿಸಿ’ ಎಂದಿತ್ತು ಕೆಳಗೆ. ನಡುವೆ ಅರ್ಧಚಂದ್ರನಂಥ ಒಂದು ತೂತು. ಅಲ್ಲಿದ್ದ ನಾಲ್ಕು ಸಾಲು ಸಾಹೇಬರ ಕಂಕುಳಿಗೆ ಹೋಗಿತ್ತು.

ತೂತನ್ನು ಓದುವ ಅಭ್ಯಾಸ ಯಾರಿಗೂ ಇರುವುದಿಲ್ಲ. ಮಾಸ್ತರು ಮೇಲಿನದನ್ನೂ ಕೆಳಗಿನದನ್ನೂ ಓದಿ, ಜೋಡಿಸಿ ಹೊಲಿದುಕೊಂಡರು. ಗುಡ್ಡ ಮಾರಾಟಕ್ಕಿದೆ! ಮೋಟಾರು ಮಷೀನು ಕೊಳ್ಳಲು ಕೂಡಿಟ್ಟಿದ್ದ ಹಣದ ಮೊತ್ತವನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಮೇಣದ ಮೊಹರಿನ ಮೇಲೆ ಕೋಟಿನ ಗುಂಡಿಯೊಂದನ್ನು ಒತ್ತಿ ಕಳಿಸಿಬಿಟ್ಟರು. ಹೆಂಡತಿಗೆ ಹೇಳಲಿಲ್ಲ. ಇಂಥ ವಿಷಯಗಳನ್ನು ಹೆಂಡತಿಗೆ ಆಮೇಲೆ ಹೇಳಿದರೆ ಒಂದೇ ಸಲ ಬೈಸಿಕೊಂಡರೆ ಸಾಕು, ಮೊದಲೇ ಹೇಳಿದರೆ ಎರಡು ಸಲ.

ಮೂರನೇ ವಾರ ಕಚೇರಿಯ ಜವಾನ ಅಂಗಡಿಯ ಮುಂದೆ ಸೈಕಲ್ಲಿಳಿದು, ಬೀದಿಗೆಲ್ಲ ಕೇಳುವಂತೆ, "ಗುಡ್ಡ ನಿಮ್ಗೇ ಆಗಿದೆ ಮಾಸ್ತ್ರೇ! ನಲವತ್ತು ಎಕರೆ!" ಎಂದ.

ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಅಲ್ಲಿಗೇ ಬಿಟ್ಟು ಓಡಿಬಂದ. ಇನ್ನರ್ಧ ಗಡ್ಡ ಹೊತ್ತುಕೊಂಡು ಗಿರಾಕಿಯೂ ಬಂದ. "ಮಾಸ್ತ್ರೇ, ನನಗೊಂದು ಬೆಂಚಿಗೆ ಹಲಗೆ ಬೇಕು," ಎಂದ ಕ್ಷೌರದವನು. "ನನಗೆ ಬಾಗಿಲು, ಚೌಕಟ್ಟು ಸಮೇತ," ಎಂದಿತು ಅರ್ಧ ಗಡ್ಡ. ಮಾಸ್ತರು ಅಭ್ಯಾಸಬಲದಿಂದ ಎಲ್ಲರ ಅಳತೆ ಬರೆದುಕೊಂಡು ಚೀಟಿ ಹರಿದು ಕೊಟ್ಟರು.

ಸಂಜೆ ಭಾಮೈದ ಬಂದ. ಕೂತ. ಚಹಾ ಕುಡಿದ. ಆ ಮನೆಯಲ್ಲಿ ಅವನು ಬಾಯನ್ನು ಬರೀ ಚಹಾಕ್ಕೆ ಬಳಸಿದ್ದು ಅದೇ ಮೊದಲು. ಮಾಸ್ತರು ಕಾಲ ಮೇಲೆ ಕಾಲು ಹಾಕಿ, "ಮನುಷ್ಯ ಅಂದ್ಮೇಲೆ ಕಾಲ ಕೆಳಗೆ ನಲವತ್ತು ಎಕರೆಯಾದ್ರೂ ಇರ್ಬೇಕಪ್ಪ," ಎಂದರು. ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಹೆಂಡತಿಗೆ ವಿಷಯ ತಿಳಿದಿತ್ತು.

ಮಾಸ್ತರ ಜಮೀನ್ದಾರಿಕೆ ಒಟ್ಟು ಹದಿನೆಂಟು ಗಂಟೆ ನಡೆಯಿತು. ಮರುದಿನ ಹತ್ತೂವರೆಗೆ ಅರಣ್ಯ ಕಚೇರಿಯಲ್ಲಿ ಕೊನೆಗೊಂಡಿತು.

ಅಲ್ಲಿನ ಸಾಹೇಬರು ಮಾತಾಡುತ್ತಿರಲಿಲ್ಲ, ಸುತ್ತೋಲೆ ಹೊರಡಿಸುತ್ತಿದ್ದರು. ಮನೆಯಲ್ಲಿ ಉಪ್ಪು ಬೇಕಾದರೂ ‘ಸದರಿ ಸಾರಿಗೆ ಉಪ್ಪಿನ ಕೊರತೆ ಗಮನಕ್ಕೆ ಬಂದಿರುತ್ತದೆ’ ಎನ್ನುವ ಆಸಾಮಿ. ಮಾಸ್ತರು ಹಣ ಕಟ್ಟಿ, ಸಹಿ ಮಾಡಿ, ರಸೀದಿ ಜೇಬಿಗಿಟ್ಟುಕೊಂಡು, "ಬೇಲಿ ಯಾವಾಗ ಹಾಕಿಸ್ಲಿ ಸಾರ್?" ಎಂದು ಕೇಳಿದರು.

"ಸದರಿ ಗುಡ್ಡಕ್ಕೆ ತಾವು ಬೇಲಿ ಹಾಕತಕ್ಕದ್ದಲ್ಲ. ನೆಲವು ಸರ್ಕಾರದ್ದಾಗಿರುತ್ತದೆ."

"ಮತ್ತೆ ನಂದೇನು ಸಾರ್?"

"ಮರ ಕಡಿಯುವ ಹಕ್ಕು. ಹನ್ನೊಂದನೇ ಕಲಮಿನ ಪ್ರಕಾರ ತೊಂಬತ್ತು ದಿನದೊಳಗೆ ಕಟಾವು ಆರಂಭಿಸತಕ್ಕದ್ದು. ತಪ್ಪಿದಲ್ಲಿ ಹಕ್ಕು ರದ್ದಾಗಿ, ಎರಡನೇ ಲಕೋಟೆಯವರಿಗೆ ಹೋಗತಕ್ಕದ್ದು. ಇದನ್ನೆಲ್ಲ ಪ್ರಕಟಣೆಯ ಮಧ್ಯಭಾಗದಲ್ಲಿ ಸ್ಪಷ್ಟವಾಗಿ ಮುದ್ರಿಸಲಾಗಿತ್ತು."

ಮಧ್ಯಭಾಗ ಎಲ್ಲಿ ಹೋಯಿತೆಂದು ಮಾಸ್ತರಿಗೆ ಹೊಳೆಯಿತು. ಅವರ ಕಣ್ಣು ತಾನಾಗಿಯೇ ಸಾಹೇಬರ ಕಂಕುಳಿನ ಕಡೆ ಹೋಯಿತು. ಸಾಹೇಬರು ಅದನ್ನು ಬೇರೆ ರೀತಿ ಅರ್ಥಮಾಡಿಕೊಂಡು, "ತತ್ಸಂಬಂಧ, ನನ್ನ ಕೋಟು?" ಎಂದರು.

"ಎಲ್ಲಾ ಮುಗಿದಿದೆ ಸಾರ್. ಕಾಜ ಒಂದು ಬಾಕಿ."

ಎರಡನೇ ಲಕೋಟೆ ಸಾಮಿಲ್ ಸಾಹುಕಾರರದು. ಹದಿನೈದು ವರ್ಷದಿಂದ ಆ ಕಚೇರಿಗೆ ಬರುತ್ತಿದ್ದುದು ಅವರದೊಂದೇ ಲಕೋಟೆ. ಎದುರಾಳಿ ಇಲ್ಲದ ಆಟದಲ್ಲಿ ಯಾರು ಓಡುತ್ತಾರೆ? ಮಕ್ಕಳಿಗೆ ಪೆಪ್ಪರಮೆಂಟು ಕೊಡಿಸುವಷ್ಟು ದುಡ್ಡು ಬರೆದು ಒಂದೊಂದೇ ಗುಡ್ಡ ಒಯ್ಯುತ್ತಿದ್ದರು. ಈ ಸಲ ಮಾಸ್ತರ ಮಷೀನಿನ ದುಡ್ಡು ಪೆಪ್ಪರಮೆಂಟಿಗಿಂತ ಸ್ವಲ್ಪ ಹೆಚ್ಚಾಗಿಹೋಗಿತ್ತು.

ಸಾಹುಕಾರರು ಅಂಗಡಿಗೇ ಬಂದರು. ವರ್ಷಗಟ್ಟಲೆ ಗರಗಸದ ಪಕ್ಕ ಕೂತು ಅವರ ಮಾತೂ ಗರಗಸದ ಹಾಗೇ ಆಗಿತ್ತು. ಮೆಲ್ಲಗೆ ಗುರುಗುಟ್ಟುತ್ತ ಹೊರಟು, ಮರದ ತಿರುಳಿಗೆ ತಾಗಿದಂತೆ ಕೀರಲಾಗಿ, ತುಂಡು ಬಿದ್ದ ಕೂಡಲೇ ನಿಲ್ಲುತ್ತಿತ್ತು.

"ಮಾಸ್ತ್ರೇ... ಏನೋ ಕೈತಪ್ಪಿನಿಂದ ಆಗ್ಹೋಗಿದೆ... ಇರ್ಲಿ... ನೀವು ಕಟ್ಟಿದ್ದಕ್ಕೆ ಎರಡರಷ್ಟು ಕೊಡ್ತೀನಿ... ಸೂಜಿ ಹಿಡಿಯೋ ಕೈಗೆ ಗುಡ್ಡ ಯಾಕೆ, ಸಹಿ ಹಾಕಿ, ಹಾಕೂ ಅಂದ್ರೆ, ಹಾಕಯ್ಯಾ!" ಟಕ್. ನಿಂತಿತು.

"ಹಾಕ್ಬಿಡಿ ಭಾವ, ನನ್ನ ಮಾತು ಕೇಳಿ," ಎಂದು ಪಕ್ಕದಲ್ಲೇ ಕೂತಿದ್ದ ಭಾಮೈದ ಪಿಸುಗುಟ್ಟಿದ. "ಎರಡು ಮಷೀನು ಬರುತ್ತೆ."

ಮಾಸ್ತರು ಪೆನ್ನು ತೆಗೆದುಕೊಂಡರು. ಸಹಿ ಹಾಕುವ ಮನಸ್ಸೂ ಇತ್ತು. ಆದರೆ ಎದುರಿಗೆ ನಿಂತು ಯಾರಾದರೂ ಅವಸರ ಮಾಡಿದರೆ ಮೂವತ್ತು ವರ್ಷದಿಂದ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು. ಅದು ಅವರನ್ನು ಕೇಳದೆಯೇ ಹೊರಬಿತ್ತು.

"ನಾಳೆ ಬನ್ನಿ."

ಸಾಹುಕಾರರಿಗೆ ಹುಟ್ಟಿದಾರಭ್ಯ ಯಾರೂ ನಾಳೆ ಬಾ ಎಂದಿರಲಿಲ್ಲ. ಅವರು ಹುಟ್ಟುವಾಗಲೂ ಸೂಲಗಿತ್ತಿ ಎರಡು ದಿನ ಮೊದಲೇ ಬಂದು ಕಾದಿದ್ದಳಂತೆ. "ಬರ್ತೀನಿ," ಎಂದರು. "ನಾಳೆ ಸಹಿ ಆಗ್ಲಿಲ್ವೋ, ನನ್ನ ಮಿಲ್ಲಿನ ಯೂನಿಫಾರ್ಮು ನೀನು ಹೊಲಿಯೋದೂ ಇಲ್ಲ!" ಅರವತ್ತು ಜನರ ಯೂನಿಫಾರ್ಮು. ಮಾಸ್ತರ ಅರ್ಧ ವರ್ಷದ ಅನ್ನ ಅದು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಸೆರಗು ಬಿಗಿದು ಎದ್ದು ನಿಂತಳು. "ನಡೀರಿ ಗುಡ್ಡಕ್ಕೆ. ನೋಡದೇ ಇರೋ ಸಾಮಾನಿಗೆ ನಾನು ಬೈಯಲ್ಲ."

ಹತ್ತಿದರು. ಏದುಸಿರಿನಲ್ಲೇ ಅವಳು ಎರಡು ಬೈಗುಳ ಸಿದ್ಧಮಾಡಿಕೊಂಡಿದ್ದಳು. ಆದರೆ ಅರ್ಧ ದಾರಿಯಲ್ಲಿ ನೀರು ಬಿಡುವವನು ಸಿಕ್ಕಿದ. ಬೀದಿಬೀದಿಯ ನಲ್ಲಿಗೆ ಸರದಿ ಪ್ರಕಾರ ನೀರು ಬಿಡುವುದು ಅವನ ಕೆಲಸ. ತಿರುಗಣಿಯ ಕಬ್ಬಿಣದ ಉದ್ದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು, ಬಂಡೆಯ ಕೆಳಗಿನ ಒರತೆಯಲ್ಲಿ ಸೇರಿದ ಎಲೆಗಳನ್ನು ತೆಗೆಯುತ್ತಿದ್ದ.

"ಇಲ್ಲೇನಪ್ಪ ಮಾಡ್ತಿದ್ದೀಯ?" ಎಂದಳು ಹೆಂಡತಿ.

"ನಿಮ್ಮನೆ ನಲ್ಲಿ ಕ್ಲೀನ್ ಮಾಡ್ತಿದ್ದೀನಿ ಅಕ್ಕ. ನಮ್ಮೂರ ನೀರು ಹುಟ್ಟೋದೇ ಇಲ್ಲಿ."

"ಮರ ಕಡಿದ್ರೆ?"

"ಆಚೆ ಗುಡ್ಡ ನೋಡಿ. ಸಾಹುಕಾರ್ರು ನುಣ್ಣಗೆ ಬೋಳಿಸಿ ಎರಡು ವರ್ಷ ಆಯ್ತು. ಅದರ ಒರತೆ ಬತ್ತಿತು. ಆಚೆ ಬೀದಿ ನಲ್ಲಿ ತಿರುಗಿಸಿದ್ರೆ ಈಗ ಬರೋದು ಇಷ್ಟೇ." ಅವನು ಕೆನ್ನೆ ಉಬ್ಬಿಸಿ ನಲ್ಲಿಯಂತೆ ನಿಟ್ಟುಸಿರು ಬಿಟ್ಟ: "ಸ್ಸ್ಸ್ಸ್... ಫುಸ್ಸ್... ಟೊಕ್." ಆ ಟೊಕ್ ಎನ್ನುವುದೇ ಒಂದು ಹನಿಯಂತೆ. ಅದೂ ದಿನಬಿಟ್ಟು ದಿನ.

ಹೆಂಡತಿ ಬೊಗಸೆಯಲ್ಲಿ ನೀರು ಕುಡಿದಳು. ಮುಖಕ್ಕೂ ಎರಚಿಕೊಂಡಳು. ತಿರುಗಿ ನೋಡಿದರೆ ಗಂಡ ಇಲ್ಲ. ಮಾಸ್ತರು ಮೇಲೆ ದೊಡ್ಡ ಮರವೊಂದನ್ನು ತಬ್ಬಿಕೊಂಡು ನಿಂತಿದ್ದರು. ಕವಿಗಳ ಹಾಗೆ ತಬ್ಬಿದ್ದಲ್ಲ, ಟೇಪು ಸುತ್ತುತ್ತಿದ್ದರು.

"ಸೊಂಟ ಟೇಪಿಗೆ ಮೂರು ಸಲ ಬಂದ್ರೂ ಮುಗೀತಿಲ್ಲ ಕಣೇ!" ಎಂದರು ಮಾಸ್ತರು. "ಇಂಥ ಆಳು ನಮ್ಮಂಗ್ಡಿ ಬಾಗಿಲಲ್ಲಿ ಹಿಡಿಸಲ್ಲ. ಇದನ್ನ ಕಡೀತಾನಂತೆ, ಅವನೂ ಅವನ ಗರಗಸಾನೂ!"

"ಸಹಿ ಹಾಕಿದ್ರೆ," ಎಂದಳು ಹೆಂಡತಿ, "ನಾಳೆಯಿಂದ ಈ ಗುಡ್ಡಕ್ಕೆ ಕೊಡ ಹೊತ್ಕೊಂಡು ಬರೋರು ನೀವು. ಬಂದ್ರೂ ಇಲ್ಲಿ ನೀರಿರಲ್ಲ." ಸಿದ್ಧವಾಗಿದ್ದ ಎರಡು ಬೈಗುಳಗಳನ್ನು ಅವಳು ಸಾಹುಕಾರರಿಗೆ ಮೀಸಲಿಟ್ಟಳು.

ಮರುದಿನ ಸಾಹುಕಾರರು ಬಂದಾಗ ಅಂಗಡಿಯ ಮುಂದೆ ಅರ್ಧ ಬೀದಿ ನೆರೆದಿತ್ತು. ಮಾಸ್ತರು ಟೇಪನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಎದ್ದರು. "ಸಾಹುಕಾರ್ರೇ, ಈ ಅಂಗಡಿ ತೆಗೆದಾಗಿನಿಂದ ಯಾವ ಗಿರಾಕಿಗೂ ಹೇಳದೇ ಇರೋ ಮಾತು ನಿಮಗೆ ಹೇಳ್ತೀನಿ."

"ಏನದು?"

"ನಾಳೆ ಬರ್ಬೇಡಿ."

ಕ್ಷೌರದವನು ಚಪ್ಪಾಳೆ ತಟ್ಟಿದ. ಕೈಯಲ್ಲಿ ಸೋಪಿನ ಬ್ರಷ್ಷಿದ್ದುದರಿಂದ ನೊರೆ ಸಾಹುಕಾರರ ಕೋಟಿನ ಮೇಲೆ ಹಾರಿತು.

ಯೂನಿಫಾರ್ಮು ಹೋಯಿತು. ಉಳಿದದ್ದು ತೊಂಬತ್ತು ದಿನ. ಮಾಸ್ತರು ಅಂಗಡಿಯನ್ನು ಅರ್ಧ ದಿನಕ್ಕೆ ಇಳಿಸಿ, ಉಳಿದರ್ಧ ದಿನ ಗುಡ್ಡ ಹತ್ತತೊಡಗಿದರು. ಕಟಾವು ಮಾಡದೆ ಕೆಲಸ ಮಾಡುತ್ತಿರುವಂತೆ ಕಾಣುವುದು ಹೇಗೆ? ಇದನ್ನು ಬೇರೆ ಯಾರಾದರೂ ಆಗಿದ್ದರೆ ವಕೀಲರನ್ನು ಕೇಳುತ್ತಿದ್ದರು. ಕಾಜಬಾಕಿ ಮಾಸ್ತರಿಗೆ ಆ ವಿದ್ಯೆ ಕರಗತವಾಗಿತ್ತು.

ಮೂವತ್ತನೇ ದಿನ ಸಾಹೇಬರು ತಪಾಸಣೆಗೆ ಬಂದರು. ಮಾಸ್ತರು ಮರಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದರು. ಹೆಂಡತಿ ಕೆಳಗೆ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

"ಎದೆ ನೂರಾ ಇಪ್ಪತ್ತು. ಎಡ ತೋಳು ಇನ್ನೂರಾ ಹತ್ತು. ಬಲ ತೋಳು... ಏಯ್, ಇದಕ್ಕೆ ಬಲ ತೋಳು ಗಿಡ್ಡ ಕಣೇ, ಹುಷಾರಾಗಿ ಬರ್ಕೋ."

"ಸದರಿ ಕಾರ್ಯವು ಏನು?" ಎಂದರು ಸಾಹೇಬರು.

"ಅಳತೆ ಸಾರ್. ಅಳತೆ ಇಲ್ಲದೆ ಕತ್ತರಿಸೋದು ನಮ್ಮ ಕಸುಬಿನಲ್ಲಿ ಮಹಾಪಾಪ."

ಸಾಹೇಬರು ಯೋಚಿಸಿ, ‘ಪೂರ್ವಸಿದ್ಧತೆ ಪ್ರಗತಿಯಲ್ಲಿದೆ’ ಎಂದು ಬರೆದರು. ಅರವತ್ತನೇ ದಿನ ಬಂದಾಗ ಮಾಸ್ತರು ಎಲ್ಲವನ್ನೂ ಮತ್ತೊಮ್ಮೆ ಅಳೆಯುತ್ತಿದ್ದರು. "ಮಳೆ ಬಿತ್ತಲ್ಲ ಸಾರ್, ಎಲ್ಲರ ಮೈಯೂ ತುಂಬಿದೆ. ಹಳೇ ಅಳತೆ ಹಿಡಿದು ಕತ್ತರಿಸಿದ್ರೆ ಬಿಗಿಯಾಗುತ್ತೆ." ಸಾಹೇಬರು ಅದನ್ನೂ ಬರೆದುಕೊಂಡರು. ಭಾಮೈದ ಮಾತ್ರ ಕೆಳಗೆ ನಿಂತು, "ಭಾವ, ಮರಕ್ಕೆ ಚಡ್ಡಿ ಹೊಲೀತೀರೋ, ಪೂರ್ತಿ ಪ್ಯಾಂಟೋ? ಜನ ನಗ್ತಿದ್ದಾರೆ," ಎಂದು ಹಂಗಿಸಿದ. "ನಗ್ಲಿ ಬಿಡೋ," ಎಂದಳು ಅಕ್ಕ. "ನಕ್ಕು ನಕ್ಕು ಬಾಯಾರಿದಾಗ ನೀರು ಕುಡಿಯೋಕೆ ನಮ್ಮ ಗುಡ್ಡಕ್ಕೇ ಬರ್ಬೇಕು."

ತೊಂಬತ್ತನೇ ದಿನ ಬಂದೇ ಬಿಟ್ಟಿತು.

ಸಾಹುಕಾರರು ಲಾರಿ, ಗರಗಸ, ಹದಿನೈದು ಆಳುಗಳ ಸಮೇತ ಗುಡ್ಡದ ನೆತ್ತಿಯಲ್ಲಿ ಹಾಜರು. ಆಳುಗಳ ಯೂನಿಫಾರ್ಮು ಬೇರೆ ಕಡೆ ಹೊಲಿಸಿದ್ದು, ಹೇಳಿದ ದಿನಕ್ಕೆ ಸರಿಯಾಗಿ ಬಂದಿತ್ತು. ಲಾರಿ ಹತ್ತಿ ಇಳಿಯುವಷ್ಟರಲ್ಲಿ ಹದಿನೈದೂ ಪ್ಯಾಂಟು ಹಿಂದುಗಡೆ ಬಿರಿದಿದ್ದವು. ಅವರು ಯಾರಿಗೂ ಬೆನ್ನು ತೋರದೆ, ವೀರರಂತೆ ಮರಕ್ಕೆ ಒರಗಿ ನಿಂತಿದ್ದರು. ಈಚೆ ಕಡೆ ಇಡೀ ಬೀದಿ. ನಡುವೆ ಸಾಹೇಬರು, ಕೈಯಲ್ಲಿ ಎರಡು ಚೌಕಗಳಿದ್ದ ನಮೂನೆ. ಒಂದರ ಪಕ್ಕ ‘ಕಟಾವು ಆರಂಭವಾಗಿದೆ’. ಇನ್ನೊಂದರ ಪಕ್ಕ ‘ಕಟಾವು ಆರಂಭವಾಗಿಲ್ಲ’.

"ಮೂರನೇ ಚೌಕ ಇರುವುದಿಲ್ಲ," ಎಂದರು ಸಾಹೇಬರು. "ಈ ದಿನ ಅಳತೆ ನಡೆಯತಕ್ಕದ್ದಲ್ಲ. ಕಡಿಯುತ್ತೀರೋ ಇಲ್ಲವೋ?"

"ಇವನೆಲ್ಲಿ ಕಡೀತಾನೆ... ಬರೀರಿ ಸಾಹೇಬ್ರೇ, ಆಗಿಲ್ಲ ಅಂತ ಬರೀರಿ, ಬರೀರೀ!" ಎಂದು ಗರಗಸ ಮೇಲೇರಿತು. ಆಳುಗಳು ಗರಗಸದ ಹಲ್ಲಿಗೆ ಎಣ್ಣೆ ಸವರಿದರು.

ಮಾಸ್ತರು ಆ ದೊಡ್ಡ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಕೊರಳಿನ ಟೇಪು ತೆಗೆದು ಮಡಿಸಿ ಹೆಂಡತಿಯ ಕೈಗಿತ್ತರು. ಹೆಂಡತಿ ಚೀಲದಿಂದ ಅವರ ಕತ್ತರಿ ತೆಗೆದು ಕೊಟ್ಟಳು. ಮಾಸ್ತರು ಮಂಡಿಯೂರಿ ಕೂತು, ಬುಡದಲ್ಲಿ ಒಣಗಿ ನೇತಾಡುತ್ತಿದ್ದ, ಕಿರುಬೆರಳಿಗಿಂತ ಸಪೂರದ ಚಿಗುರುಕಡ್ಡಿಯೊಂದನ್ನು ಹುಡುಕಿದರು. ಒಂದು ಕಣ್ಣು ಮುಚ್ಚಿ ಗುರಿ ನೋಡಿದರು.

ಕಚಕ್.

"ಕಟಾವು ಶುರುವಾಯ್ತು ಸಾರ್. ಚೌಕ ತುಂಬ್ಕೊಳ್ಳಿ."

ಗುಡ್ಡದ ಮೇಲೆ ಎಂಥ ಮೌನವೆಂದರೆ ಒರತೆಯ ಸದ್ದು ಕೇಳಿಸಿತು. ಆಮೇಲೆ ಸಾಹುಕಾರರ ಸದ್ದು ಕೇಳಿಸಿತು. "ಅದು ಕತ್ತರಿ! ಬಟ್ಟೆ ಕತ್ತರಿ!"

ಸಾಹೇಬರು ಕಡ್ಡಿಯನ್ನು ಎತ್ತಿ, ಎರಡೂ ಬದಿಯಿಂದ ಪರೀಕ್ಷಿಸಿ, ಕಡತದೊಳಗೆ ಸೇರಿಸಿಕೊಂಡರು. "ಹನ್ನೊಂದನೇ ಕಲಮಿನಲ್ಲಿ ಕಟಾವು ಎಂದಿದೆಯೇ ಹೊರತು, ಯಾವುದರಿಂದ ಎಂಬ ಪ್ರಸ್ತಾಪವಿಲ್ಲ. ಕಡಿದದ್ದು ಮರದ ಭಾಗವೆಂಬುದು ಮೇಲ್ನೋಟಕ್ಕೇ ಸಾಬೀತಾಗಿರುತ್ತದೆ."

"ಹೀಗೆ ಕಡಿದ್ರೆ ಮುಗಿಸೋದು ಯಾವ ಜನ್ಮಕ್ಕೆ?"

"ಮುಗಿಸುವ ಬಗ್ಗೆ ಕಲಮೇ ಇರುವುದಿಲ್ಲ. ತಾವು ಇಷ್ಟು ವರ್ಷವೂ ಬೇಗನೆ ಮುಗಿಸುತ್ತಿದ್ದುದರಿಂದ ಅದರ ಅಗತ್ಯ ಕಂಡುಬಂದಿರಲಿಲ್ಲ."

ಮೊದಲು ನಕ್ಕದ್ದು ಸಾಹುಕಾರರ ಆಳುಗಳೇ. ನಗುವ ಭರದಲ್ಲಿ ಮುಂದಕ್ಕೆ ಬಗ್ಗಿದಾಗ ಹದಿನೈದು ಪ್ಯಾಂಟುಗಳ ಗುಟ್ಟು ರಟ್ಟಾಯಿತು. ಸಾಹುಕಾರರು ಲಾರಿ ಹತ್ತುವಾಗ ತಿರುಗಿ ನಿಂತರು. "ನಗ್ರೋ, ನಗ್ರಿ... ಮುಂದಿನ ತಿಂಗಳು ಈ ಗುಡ್ಡದ ಹಿಂದಿನ ಇಳಿಜಾರು ಮಾರಾಟಕ್ಕಿದೆ... ನಿಮ್ಮ ಒರತೆಗೆ ಅರ್ಧ ನೀರು ಬರೋದು ಅಲ್ಲಿಂದಾನೇ... ಈ ಸಲ ಬರೀತೀನಿ ನೋಡಿ, ಬರೀತೀನೀ!" ಟಕ್.

ಇಷ್ಟರಲ್ಲಿ ಕಡ್ಡಿಯ ಸಮಾಚಾರ ಮೇಲಿನ ಕಚೇರಿಗೆ ಹೋಯಿತು. ಅಲ್ಲಿನವರು ಕೆರಳಿ, ಅರ್ಜಿಯಲ್ಲಿ ಹೊಸದೊಂದು ಅಂಕಣ ಸೇರಿಸಿದರು: ‘ಕಟಾವಿಗೆ ಬಳಸುವ ಉಪಕರಣ, ಕತ್ತರಿಯನ್ನು ಹೊರತುಪಡಿಸಿ.’ ಲಕೋಟೆ ತೆರೆಯುವಾಗ ಉಪಕರಣವನ್ನು ಹಾಜರುಪಡಿಸತಕ್ಕದ್ದು ಎಂದೂ ಸೇರಿಸಿದರು. ಸಾಹುಕಾರರು ಅದನ್ನೋದಿ ಮೂರು ತಿಂಗಳಲ್ಲಿ ಮೊದಲ ಬಾರಿ ಹೊಟ್ಟೆತುಂಬ ಉಂಡರು.

ಇಳಿಜಾರಿನ ಹಕ್ಕು ಕೊಳ್ಳಲೆಂದು ಬೀದಿಯಲ್ಲಿ ಚಂದಾ ಎತ್ತುವ ಕೆಲಸ ನಡೆಯಿತು. ಬೆಂಚಿನ ಹಲಗೆ ಬೇಡವೆಂದು ಕ್ಷೌರದವನು ಆ ದುಡ್ಡು ಹಾಕಿದ. ಬಾಗಿಲು ಕೇಳಿದ್ದವನೂ ಹಾಕಿದ. ಕೊನೆಗೆ ಭಾಮೈದ ಬಂದು, ಸೈಟಿಗೆ ಕಾಂಪೌಂಡು ಕಟ್ಟಿಸಲು ಇಟ್ಟಿದ್ದ ಗಂಟನ್ನು ಅಕ್ಕನ ಮುಂದಿಟ್ಟ. "ಕಾಂಪೌಂಡು ಕಟ್ಟೋಕೂ ನೀರು ಬೇಕಲ್ಲಕ್ಕಾ. ಭಾವನಿಗೆ ಹೇಳ್ಬೇಡ," ಎಂದ. ಭಾವ ಪಕ್ಕದಲ್ಲೇ ಕೂತಿದ್ದರು.

ದುಡ್ಡೇನೋ ಆಯಿತು, ಯಾರ ಹೆಸರಲ್ಲಿ ಬರೆಯುವುದು? ಸಾಹುಕಾರರ ಎದುರು ಹೆಸರು ಹಾಕಿದವನ ಅನ್ನಕ್ಕೆ ಏನಾಗುತ್ತದೆಂದು ಎಲ್ಲರೂ ನೋಡಿದ್ದರು. ಆಗ ಕ್ಷೌರದವನ ಅತ್ತೆ, ಬೀದಿಗೆಲ್ಲ ಹಿರಿಯಳಾದ ಅಜ್ಜಿ, ಜಗಲಿಯಿಂದಲೇ ಕೂಗಿದಳು: "ನನ್ನ ಹೆಸರು ಬರೀರೋ. ನನ್ನ ಹತ್ರ ಏನು ಕಿತ್ಕೊಳ್ತಾನೆ ಅವನು? ಉಪಕರಣ ಏನಂತ ನಾನೇ ಹೇಳ್ತೀನಿ." ಹೇಳಿದಳು. ಬರೆಯುತ್ತಿದ್ದ ಮಾಸ್ತರು ಒಂದು ಕ್ಷಣ ಪೆನ್ನೆತ್ತಿ ಅಜ್ಜಿಯ ಮುಖ ನೋಡಿದರು. ಬರೆದರು.

ಲಕೋಟೆ ತೆರೆಯುವ ದಿನ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹುಕಾರರ ಪಕ್ಕ ಹೊಸ ಗರಗಸವೊಂದು ಮಿರಮಿರ ಮಿಂಚುತ್ತ ಕುರ್ಚಿಯ ಮೇಲೆ ಕೂತಿತ್ತು. ಸಾಹೇಬರು ಅವರ ಲಕೋಟೆ ಒಡೆದು ಮೊತ್ತ ಓದಿದರು. ಕಳೆದ ಸಲದ್ದಕ್ಕೆ ನಾಲ್ಕರಷ್ಟು. ಬೀದಿಯವರ ಮುಖ ಬಾಡಿತು. ಎರಡನೆಯದನ್ನು ಒಡೆದರು. ಓದಿದರು. ಅದಕ್ಕಿಂತ ಹೆಚ್ಚು. ಎಷ್ಟು ಹೆಚ್ಚೆಂದರೆ, ಭಾಮೈದನ ಕಾಂಪೌಂಡಿನ ಎರಡು ಸಾಲು ಇಟ್ಟಿಗೆಯಷ್ಟು.

"ಉಪಕರಣ ಓದಿ... ಉಪಕರಣ!" ಎಂದು ಸಾಹುಕಾರರು ಎದ್ದರು.

ಸಾಹೇಬರು ಅಂಕಣ ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಸದರಿ ಅರ್ಜಿದಾರರು ಕಟಾವಿಗೆ ಬಳಸುವ ಉಪಕರಣ," ಎಂದು ಓದಿದರು, "ಹಲ್ಲು."

"ಹಲ್ಲಾ?"

"ಕಲಮಿನಲ್ಲಿ ಕತ್ತರಿಯನ್ನು ಮಾತ್ರ ಹೊರತುಪಡಿಸಲಾಗಿದೆ. ಹಲ್ಲನ್ನು ಹೊರತುಪಡಿಸಿರುವುದಿಲ್ಲ." ಸಾಹೇಬರು ಗಂಟಲು ಸರಿಮಾಡಿಕೊಂಡರು. "ಆದರೆ ಉಪಕರಣವನ್ನು ಹಾಜರುಪಡಿಸತಕ್ಕದ್ದು."

ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮೇಜಿನ ಮೇಲೆ ಎರಡೂ ಕೈಯೂರಿದಳು. ಸಾಹೇಬರ ಕಡೆಗಲ್ಲ, ನೇರ ಸಾಹುಕಾರರ ಕಡೆಗೆ ತಿರುಗಿ, ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದಾಗಿ ಬಾಯಿ ತೆರೆದಳು. ಸಾಹುಕಾರರು ಬಗ್ಗಿ ನೋಡಿದರು. ಸಾಹೇಬರೂ ಬಗ್ಗಿ ನೋಡಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. ಒಂದೇ ಒಂದು ಹಲ್ಲಿರಲಿಲ್ಲ.

ಅಜ್ಜಿ ಬಾಯಿ ಮುಚ್ಚಿದಳು.

"ಬರ್ಕೊಳ್ಳಪ್ಪ," ಎಂದಳು. "ಇವತ್ತೇ ಶುರು ಮಾಡ್ತೀನಿ."